ಗೃಹದೋಷ ವಿಚಾರ

ನಾಲ್ಕು ಕಡೆಯೂ ಗೋಡೆಯೆಬ್ಬಿಸಿ ಮೇಲೆ ಮಾಡು ಹೊದಿಸಿದ ಮಾತ್ರಕ್ಕೆ ಅದು ಮನೆಯಾಗಲಾರದು. ತೆರಪಿಲ್ಲದ ಕಟ್ಟಡವು ಕಣಜವಾದೀತು, ಇಲ್ಲವೆ ಗೋರಿಯಾದೀತು. ಒಳಗಿದ್ದವನು ಹೊರಗೆ ಹೋಗಲು ಬಾಗಿಲೂ, ಹೊರಗಿನ ಗಾಳಿಬೆಳಕುಗಳು ಒಳಗೆ ಬರಲು ಕಿಟಕಿಯೂ ಇದ್ದಾಗಲೇ ಗೋಡೆಗಳಿಗೆ ಗೃಹವೆಂಬ ಸಂಜ್ಞೆಯು ಸಲ್ಲುತ್ತದೆ. ಆದರೆ ಗಾಳಿಗೆಂದು ಬಿಟ್ಟ ದಾರಿಯು ನೀರಿಗೂ ದಾರಿಯಾಗುತ್ತದೆ. ಮನೆಗೆ ತಗಲುವ ದೋಷಗಳಲ್ಲಿ ಬಹುಪಾಲು ಗೋಡೆಯ ನಟ್ಟನಡುವೆ ಹುಟ್ಟದೆ, ದಾರಂದದ ಬುಡದಲ್ಲಿ, ಕಿಟಕಿಯ ಚೌಕಟ್ಟಿನ ಅಂಚಿನಲ್ಲಿ, ಮರವೂ ಕಲ್ಲೂ ಕೂಡುವ ಸಂಧಿಯಲ್ಲಿ ಮೊದಲು ತಲೆದೋರುವುದು ಇದರಿಂದಲೇ. ಆ ದೋಷಗಳೊಳಗೆ ಅತ್ಯಲ್ಪವೆಂದು ಎಣಿಸಲ್ಪಡುವ ಬೂಸರಿನ ವಿಷಯವಾಗಿ ಇಲ್ಲಿ ಸ್ವಲ್ಪ ವಿಚಾರ ಮಾಡಬೇಕಾಗಿದೆ. ವಿಷಯವು ಕ್ಷುದ್ರವೆಂದು ವಾಚಕರು ಪುಟವನ್ನು ತಿರುವಿಬಿಡಬಾರದು. ಆ ಕರಿಯ ಚುಕ್ಕೆಗಳ ಹಿಂದೆ ಸತ್ಯಾಸತ್ಯದ ಪ್ರಶ್ನೆಯೊಂದು ಅಡಗಿಕೊಂಡಿದೆ.

ಮಂಗಳೂರಿನ ಕಂಕನಾಡಿಯಲ್ಲಿ ವಾಸಿಸುವವರಿಗೆ ಬೂಸರನ್ನು ವರ್ಣಿಸಿ ಹೇಳಬೇಕಾದುದಿಲ್ಲ. ಈ ಪಟ್ಟಣದಲ್ಲಿ ವರ್ಷವೊಂದಕ್ಕೆ ಸರಾಸರಿ 3,500 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಬೀಳುತ್ತದೆ. ಅದರ ಬಹುಭಾಗವು ಜೂನಿನಿಂದ ಸೆಪ್ಟೆಂಬರಿನ ವರೆಗಿನ ನಾಲ್ಕು ತಿಂಗಳುಗಳಲ್ಲಿಯೇ ಸುರಿದುಹೋಗುವುದು. ಆಟಿ ತಿಂಗಳಿನಲ್ಲಿ ಒಗೆದ ಬಟ್ಟೆಯು ಮೂರು ದಿನ ತೂಗಿದರೂ ಒಣಗದು. ಕಪಾಟಿನೊಳಗಣ ಪುಸ್ತಕದ ರಟ್ಟು, ಮೂಲೆಯಲ್ಲಿಟ್ಟ ಚರ್ಮದ ಚಪ್ಪಲಿ, ಗೋಡೆಗೆ ತಗುಲಿಸಿದ ಹಿರಿಯರ ಚಿತ್ರದ ಹಿಂಬದಿ, ಎಲ್ಲಕ್ಕೂ ಹಸುರು ಬೂದಿಯಂಥ ಒಂದು ಪರೆ ಹತ್ತುತ್ತದೆ. ಪಶ್ಚಿಮಕ್ಕೆ ಮುಖವಾದ ಕಿಟಕಿಯ ಕೆಳಮೂಲೆಯಲ್ಲಿ ಮೊದಲು ಎಳ್ಳಿನಷ್ಟು ಕರಿಯ ಚುಕ್ಕೆಯೊಂದು ಕಾಣುತ್ತದೆ. ಎಂಟು ದಿನ ಕಳೆಯುವಷ್ಟರಲ್ಲಿ ಅಂಗೈಯಗಲವಾಗುತ್ತದೆ. ತಿಂಗಳು ತುಂಬುವಾಗ ಮಳೆಯ ಮೋಡವೇ ಒಳಗೆ ಬಂದು ಗೋಡೆಯ ಮೇಲೆ ಕುಳಿತಂತೆ ತೋರುತ್ತದೆ. ಇದಾದ ಮೇಲೆ ಸೋಣ ತಿಂಗಳು ಬರುತ್ತದೆ. ಆಗ ಈ ಸೀಮೆಯ ಗೃಹಿಣಿಯರು ಹೊಸ್ತಿಲನ್ನು ತೊಳೆದು ಹೂವಿಟ್ಟು ಪೂಜಿಸುವ ಸಂಪ್ರದಾಯವಿದೆ. ವರ್ಷದ ಹನ್ನೆರಡು ತಿಂಗಳುಗಳಲ್ಲಿ ಬಾಗಿಲಿನ ಬುಡವು ಅತ್ಯಂತ ಹೊಲಸಾಗಿರುವ ಕಾಲದಲ್ಲಿಯೇ ಹೊಸ್ತಿಲಿನ ಪೂಜೆಯನ್ನು ಇಟ್ಟ ಪೂರ್ವಿಕರು, ದೇವತೆಯ ಸಂಗಡ ಮರದ ಚಿಂತೆಯನ್ನೂ ಮಾಡಿದ್ದರೆಂದು ಊಹಿಸಿದರೆ ತಪ್ಪಾಗದು. ನಿತ್ಯವೂ ಕೈಮುಟ್ಟಿ ಒರಸಿದ ಮರಕ್ಕೆ ಬೂಸರು ಬೇಗ ಹತ್ತದಲ್ಲವೆ?

ಈಗ ಒಂದು ಮನೆಯನ್ನು ಉದಾಹರಣೆಗಾಗಿ ಎದುರಿಗಿಟ್ಟುಕೊಳ್ಳಬಹುದು. ಕಂಕನಾಡಿಯ ಮಾರುಕಟ್ಟೆಗೆ ದೂರವಲ್ಲದ ಓಣಿಯಲ್ಲಿ ಎರಡಂತಸ್ತಿನ ಮನೆ. ಕೆಳಗೆ ಮನೆಯೊಡತಿಯಾದ ವೃದ್ಧೆ ಒಬ್ಬಳೇ ಇರುವಳು. ಗಂಡನು ತೀರಿಕೊಂಡು ಬಹು ವರ್ಷಗಳಾದುವು. ಮಗನು ಗಲ್ಫ್ ದೇಶದಲ್ಲಿ ಉದ್ಯೋಗಸ್ಥನು. ಮೇಲಂತಸ್ತಿನ ಬಾಡಿಗೆಯು ಆಕೆಯ ಔಷಧಕ್ಕೂ ಊಟಕ್ಕೂ ಆಧಾರ. ಮೇಲೆ ಇರುವವರು ಒಬ್ಬ ಅಂಗಡಿಯ ಲೆಕ್ಕಬರಹದವನು, ಆಸ್ಪತ್ರೆಯಲ್ಲಿ ದಾದಿಯಾಗಿರುವ ಅವನ ಹೆಂಡತಿ, ನಾಲ್ಕು ವರ್ಷದ ಮಗು. ಮಗುವಿಗೆ ಮಳೆಗಾಲ ಹಿಡಿಯಿತೆಂದರೆ ರಾತ್ರಿ ಎದೆಯಲ್ಲಿ ಸೀಟಿಯ ಸದ್ದು. ಮಗು ಮಲಗುವ ಕೋಣೆಯ ಪಡುವಣ ಕಿಟಕಿಯ ಸುತ್ತ ಬೂಸರು.

“ಅಮ್ಮ, ಕಿಟಕಿಯ ಹತ್ತಿರ ಗೋಡೆ ಪೂರ ಕಪ್ಪಾಗಿದೆ, ಮಗುವಿಗೆ ಉಸಿರಾಡಲಿಕ್ಕಾಗುವುದಿಲ್ಲ” ಎಂದು ದಾದಿಯು ಹೇಳಿದಳು.

“ನೀವು ಕಿಟಕಿಯನ್ನು ತೆರೆಯುವುದೇ ಇಲ್ಲ ಮಗಳೆ. ಒಳಗೇ ಬಟ್ಟೆ ಒಣಗಿಸುತ್ತೀರಿ. ಬೂಸರು ಬಾರದೆ ಇದ್ದೀತೆ?” ಎಂದು ವೃದ್ಧೆಯ ಉತ್ತರ.

“ತೆರೆದರೆ ಎರಚಲು ಹಾಸಿಗೆಯ ಮೇಲೆಯೇ ಬೀಳುತ್ತದಲ್ಲ ಅಮ್ಮ!”

ಇಬ್ಬರೂ ಹೇಳಿದ್ದು ನಿಜವೇ. ಒಂದು ನಿಜವು ಇನ್ನೊಂದು ನಿಜವನ್ನು ಖಂಡಿಸಲಿಲ್ಲ. ಆದರೂ ಎರಡು ನಿಜಗಳ ನಡುವೆ ಮಗುವಿನ ಕೆಮ್ಮು ನಿಲ್ಲಲಿಲ್ಲ.

ತಾರ್ಕಿಕರು ಕಾರ್ಯವೊಂದಕ್ಕೆ ಕಾರಣಗಳನ್ನು ವಿಭಾಗಿಸಿ ನೋಡುವ ಕ್ರಮವು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಬೂಸರೆಂಬುದು ಶಿಲೀಂಧ್ರಜಾತಿಯ ಜೀವ. ಅದರ ಬೀಜರೇಣುಗಳು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿದ್ದು ಎಲ್ಲ ಕಾಲದಲ್ಲಿಯೂ ಎಲ್ಲ ಗಾಳಿಯಲ್ಲಿಯೂ ತೇಲುತ್ತಿರುತ್ತವೆ. ಅರಮನೆಯ ಗಾಳಿಯಲ್ಲಿಯೂ ಇವೆ, ಗುಡಿಸಲಿನ ಗಾಳಿಯಲ್ಲಿಯೂ ಇವೆ. ಅದಕ್ಕೆ ಬೇಕಾದ ಆಹಾರವಾದರೋ ಮರ, ಕಾಗದ, ಅಂಟು, ಬಣ್ಣ, ಬಣ್ಣದ ಮೇಲೆ ಕುಳಿತ ಧೂಳು, ಇಷ್ಟರಲ್ಲಿ ಯಾವುದಾದರೂ ಸಾಕು. ಬೆಚ್ಚನೆಯ ಹವೆಯು ಈ ಕರಾವಳಿಯಲ್ಲಿ ವರ್ಷವೆಲ್ಲ ಇದೆ. ಹಾಗಾದರೆ ಚೈತ್ರ ವೈಶಾಖಗಳಲ್ಲಿ ಇಲ್ಲದ ಬೂಸರು ಆಷಾಢದಲ್ಲಿ ಮಾತ್ರ ಏಕೆ ಬಂದಿತು? ಬೀಜವೂ ಆಹಾರವೂ ಶಾಖವೂ ಎರಡು ಕಾಲಗಳಲ್ಲಿಯೂ ಸಮಾನವಾಗಿರಲು, ವ್ಯತ್ಯಾಸವುಳ್ಳದ್ದು ತೇವ ಒಂದೇ. ತೇವವಿದ್ದಲ್ಲಿ ಬೂಸರುಂಟು, ತೇವವಿಲ್ಲದಲ್ಲಿ ಬೂಸರಿಲ್ಲ, ಅನ್ವಯವ್ಯತಿರೇಕಗಳೆರಡೂ ಸಿದ್ಧಿಸಿದುವು. ಗೋಡೆಯ ಮೈಗೆ ತಾಗಿದ ಗಾಳಿಯ ಆರ್ದ್ರತೆಯು ನೂರಕ್ಕೆ ಎಂಬತ್ತರ ಮೇಲೆ ಬಹುಕಾಲ ನಿಂತರೆ ಈ ಜೀವವು ಬೇರೂರುತ್ತದೆಂದು ಶಾಸ್ತ್ರಜ್ಞರು ಕಂಡುಕೊಂಡಿರುವರು. ಆದುದರಿಂದ ಬೂಸರಿನ ಸಂಗಡ ಯುದ್ಧ ಮಾಡಹೊರಟವನು ನಿಜವಾಗಿ ಯುದ್ಧ ಮಾಡಬೇಕಾದುದು ನೀರಿನ ಸಂಗಡ.

ನೀರು ಎಲ್ಲಿಂದ ಬರುತ್ತದೆ ಎಂಬುದನ್ನು ನೋಡಿದರೆ ಕಥೆಯು ಸ್ವಲ್ಪ ದೀರ್ಘವಾದೀತು. ಹಿಂದಿನ ಮನೆಗಳನ್ನು ಈ ಜಿಲ್ಲೆಯಲ್ಲಿ ಮುರಕಲ್ಲಿನಿಂದ ಕಟ್ಟುತ್ತಿದ್ದರು. ಅದು ರಂಧ್ರಮಯವಾದ ಕಲ್ಲು. ನೀರನ್ನು ಕುಡಿಯುತ್ತದೆ, ಬಿಸಿಲು ಬಂದಾಗ ಬಿಡುತ್ತದೆ. ಕಲ್ಲಿನ ಈ ಸ್ವಭಾವವನ್ನು ಅರಿತಿದ್ದವರು ಮಾಡಿನ ಸೂರನ್ನು ಗೋಡೆಯಿಂದ ಮೂರು ನಾಲ್ಕು ಅಡಿ ಹೊರಗೆ ಚಾಚಿದರು. ಪಡುವಣ ಕಡೆಗೆ ಜಗಲಿಯನ್ನಿಟ್ಟು ಮಳೆಗಾಲಕ್ಕೆ ಮೊದಲು ಹೆಣೆದ ಮಡಲಿನ ತಟ್ಟಿಯನ್ನು ಕಟ್ಟಿದರು. 1865ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಹುಲ್ಲಿನ ಮಾಡು ಹೋಗಿ ಹಂಚಿನ ಮಾಡು ಬಂದಿತಾದರೂ, ಸೂರಿನ ಚಾಚು ಹಾಗೆಯೇ ಉಳಿಯಿತು. ಹಂಚುಗಳ ಸಂದಿನಿಂದ ಒಳಗಿನ ಆವಿಯು ಮೇಲಕ್ಕೆ ಹೋಗುತ್ತಿತ್ತು. ಗೋಡೆಗೆ ವರ್ಷಂಪ್ರತಿ ಚಿಪ್ಪಿನ ಸುಣ್ಣವನ್ನು ಬಳಿಯುತ್ತಿದ್ದರು. ಹೊಸ ಸುಣ್ಣದ ಕ್ಷಾರದಲ್ಲಿ ಬೂಸರು ಬದುಕಲಾರದು. ಅಡಿಗೆಮನೆಯ ಹೊಗೆಯೂ ಮರವನ್ನು ಒಣಗಿಸಿಡುತ್ತಿತ್ತೆನ್ನಬೇಕು, ಆ ಹೊಗೆಯು ಹೆಂಗಸರ ಕಣ್ಣನ್ನೂ ಎದೆಯನ್ನೂ ಹಾಳುಮಾಡಿತೆಂಬ ಮಾತು ಬೇರೆ. ಹಿಂದಿನದೆಲ್ಲವೂ ಚಿನ್ನವೆಂದು ಸಾಧಿಸುವುದು ಇಲ್ಲಿಯ ಉದ್ದೇಶವಲ್ಲ.

ಇಂದಿನ ಮನೆಗೆ ತಾರಸಿ ಬಂದಿತು, ಸೂರು ಹೋಯಿತು. ಕಿಟಕಿಯ ಮೇಲಣ ಸನ್‌ಶೇಡು ಒಂದು ಮೊಳಕ್ಕೆ ಇಳಿದು, ಕೆಲವೆಡೆ ಅಂದಕ್ಕೆಂದು ಅದನ್ನೂ ಬಿಟ್ಟರು. ಅದರ ಕೆಳಮೈಯಲ್ಲಿ ಒಂದು ಗೆರೆಯನ್ನು ಕೊರೆದಿದ್ದರೆ ನೀರು ಅಲ್ಲಿಯೇ ತೊಟ್ಟಿಕ್ಕಿ ಹೋಗುತ್ತದೆ. ಕೊರೆಯದಿದ್ದರೆ ಹರಿದುಬಂದು ಚೌಕಟ್ಟಿನ ನೆತ್ತಿಯನ್ನು ಸೇರುತ್ತದೆ. ಕಿಟಕಿಯ ಕೆಳಗಿನ ಹಾಸು ಹೊರಕ್ಕೆ ಇಳಿಜಾರಾಗಿರಬೇಕು. ಗಾರೆಯವನು ಕಣ್ಣಳತೆಯಲ್ಲಿ ಮಟ್ಟಮಾಡಿ ಎದ್ದುಹೋದನೆಂದರೆ ನೀರು ಒಳಕ್ಕೆ ಒಸರುತ್ತದೆ. ಸರಿಯುವ ಅಲ್ಯುಮಿನಿಯಂ ಕಿಟಕಿಯ ಕೆಳಪಟ್ಟಿಯಲ್ಲಿ ನೀರು ಹೊರಹೋಗಲು ಸಣ್ಣ ತೂತುಗಳಿರುತ್ತವೆ. ಅವು ಧೂಳಿನಿಂದ ಮುಚ್ಚಿಹೋಗಿ ಪಟ್ಟಿಯೇ ಪುಟ್ಟ ಕೆರೆಯಾಗುವುದನ್ನು ಎಷ್ಟು ಮನೆಗಳಲ್ಲಿ ನೋಡುವುದಿಲ್ಲ! ತಂಪುಯಂತ್ರವನ್ನಿಟ್ಟ ಕೋಣೆಯಲ್ಲಿ ಕಥೆ ಮತ್ತೊಂದು: ತಣ್ಣಗಾದ ಲೋಹಕ್ಕೆ ಹೊರಗಿನ ತೇವದ ಗಾಳಿ ತಾಗಿ, ತಣ್ಣೀರಿನ ತಂಬಿಗೆಯ ಮೈಯಲ್ಲಿ ಹನಿ ಕೂಡುವಂತೆ ಚೌಕಟ್ಟಿನಲ್ಲಿ ಹನಿ ಕೂಡುತ್ತದೆ. ಮಳೆ ಬಾರದ ಕಡೆಯೂ ಬೂಸರು ಬರುವುದು ಈ ಬಗೆಯಿಂದ.

ಇಷ್ಟು ತಿಳಿದ ಮೇಲೆ ದೋಷವು ಯಾರದು? ಋತುವಿನದೆಂದು ಹೇಳಿ ಕೈತೊಳೆದುಕೊಳ್ಳುವವರು ಅನೇಕರು. ಮಳೆಯು ತನ್ನ ಧರ್ಮವನ್ನು ತಾನು ನಡೆಸುತ್ತದೆ. ಅದಕ್ಕೆ ದೋಷವನ್ನು ಆರೋಪಿಸುವುದು ಹಾಸ್ಯಾಸ್ಪದ. ಕಟ್ಟಿದವನದೆಂದರೆ ಅವನು ಹಣವನ್ನು ಪಡೆದು ಹೋಗಿ ಕಾಲವಾಯಿತು. ಕಟ್ಟಿಸಿದವನು ಹತ್ತು ಸಾವಿರ ಉಳಿಯಿತೆಂದು ಸಂತೋಷಪಟ್ಟವನು. ವಾಸಮಾಡುವವಳು ಬಟ್ಟೆಯನ್ನು ಒಳಗೆ ಒಣಗಿಸಿದ್ದೂ ಸುಳ್ಳಲ್ಲ. ಒಂದು ಅಕಾರ್ಯದ ಫಲವು ಮಾಡಿದವನಿಗೂ ಮಾಡಿಸಿದವನಿಗೂ ಪ್ರೇರಿಸಿದವನಿಗೂ ಸುಮ್ಮನೆ ಒಪ್ಪಿದವನಿಗೂ ಹಂಚಿಕೆಯಾಗುತ್ತದೆಂದು ಹಿರಿಯರು ಹೇಳುವರು. ಆ ನ್ಯಾಯದಂತೆ ಇಲ್ಲಿಯೂ ಭಾಗವಿದೆ. ಆದರೆ ಭಾಗವು ಸಮವಲ್ಲ. ಯಾವ ದೋಷವನ್ನು ಯಾವನು ತನ್ನ ಕೈಯಿಂದ ನೀಗಬಲ್ಲನೋ ಆ ದೋಷದ ಹೊಣೆಯು ಅವನಿಗೆ ಸೇರಿದುದು. ಪಟ್ಟಿಯ ತೂತನ್ನು ಕಡ್ಡಿಯಿಂದ ಬಿಡಿಸುವುದು, ಮಳೆ ಬಿಟ್ಟ ಹೊತ್ತಿನಲ್ಲಿ ಕದವನ್ನು ತೆರೆಯುವುದು, ಕೂಡಿದ ಹನಿಯನ್ನು ಒರಸುವುದು ವಾಸಿಸುವವಳ ಕೈಯಲ್ಲಿವೆ. ಹಾಸಿನ ಇಳಿಜಾರನ್ನು ತಿರುಗಿಸುವುದಾಗಲಿ ಸನ್‌ಶೇಡನ್ನು ಚಾಚುವುದಾಗಲಿ ಅವಳ ಕೈಯಲ್ಲಿಲ್ಲ. ಅದಕ್ಕಾಗಿ ಅವಳನ್ನು ದೂರುವುದು, ಸೋರುವ ಕೊಡವನ್ನು ಕೊಟ್ಟು ನೀರು ತಾರದವಳೆಂದು ಸೊಸೆಯನ್ನು ಬೈದಂತೆ.

ಒರಸುವ ಮಾತು ಬಂದಾಗ ಒಂದು ಸಂಶಯವು ಎದುರಾಗುತ್ತದೆ. ಬೂಸರೂ ಜೀವವಲ್ಲವೆ? ಅದನ್ನು ಕೊಲ್ಲಲು ಗೃಹಸ್ಥನಿಗೆ ಅಧಿಕಾರವೆಲ್ಲಿಯದು? ನಗತಕ್ಕ ಪ್ರಶ್ನೆಯಿದಲ್ಲ. ಶ್ವೇತಾಂಬರ ಜೈನರ ಕಲ್ಪಸೂತ್ರದಲ್ಲಿ, ಮಳೆಗಾಲದಲ್ಲಿ ಒಂದೆಡೆ ನೆಲೆಸುವ ಯತಿಗಳು ಎಚ್ಚರದಿಂದ ನೋಡಿ ನೋಯಿಸದೆ ಬಿಡಬೇಕಾದ ಸೂಕ್ಷ್ಮ ವಸ್ತುಗಳನ್ನು ಎಣಿಸುವಾಗ ಈ ಬೂಸರನ್ನೂ ಹೆಸರಿಸಿ, ಕಪ್ಪು, ನೀಲಿ, ಕೆಂಪು, ಹಳದಿ, ಬಿಳಿ ಎಂದು ಐದು ಬಣ್ಣಗಳನ್ನು ಹೇಳಿ, ತಾನು ಹುಟ್ಟಿದ ವಸ್ತುವಿನ ಬಣ್ಣವನ್ನೇ ಅದು ತಾಳುತ್ತದೆಂದೂ ತಿಳಿಸಿದೆ. ಸೂಕ್ಷ್ಮದರ್ಶಕಯಂತ್ರವಿಲ್ಲದ ಕಾಲದಲ್ಲಿ ಗೋಡೆಯ ಕಲೆಯನ್ನು ಕೊಳೆಯೆಂದೆಣಿಸದೆ ಜೀವವೆಂದು ಗುರುತಿಸಿದ ಆ ದೃಷ್ಟಿಗೆ ತಲೆಬಾಗಬೇಕು. ಸ್ಮೃತಿಕಾರರಾದರೂ ಈ ಪ್ರಶ್ನೆಯನ್ನು ಮರೆತವರಲ್ಲ. ಒಲೆ, ಬೀಸುವ ಕಲ್ಲು, ಪೊರಕೆ, ಒರಳು, ನೀರಿನ ಕೊಡ, ಈ ಐದೂ ಗೃಹಸ್ಥನ ಮನೆಯಲ್ಲಿರುವ ವಧಸ್ಥಾನಗಳೆಂದು ಮನುವು ಹೇಳಿ, ಅವುಗಳ ದೋಷಪರಿಹಾರಕ್ಕಾಗಿಯೇ ಪಂಚಮಹಾಯಜ್ಞಗಳನ್ನು ವಿಧಿಸಿದನು. ಕೊಲ್ಲದೆ ಮನೆ ನಡೆಯದು, ಕೊಂದೆನೆಂಬ ಅರಿವಿಲ್ಲದೆಯೂ ನಡೆಯಬಾರದು ಎಂಬುದು ಇದರ ತಾತ್ಪರ್ಯ. ಯತಿಗೆ ಒಂದು ಧರ್ಮ, ಕೆಮ್ಮುವ ಮಗುವುಳ್ಳವಳಿಗೆ ಇನ್ನೊಂದು. ಯತಿಯೂ ಬೂಸರನ್ನು ಬೆಳೆಯಿಸಿದವನಲ್ಲ. ಹುಟ್ಟುವುದಕ್ಕೆ ಮೊದಲೇ ಒಣಗಿಸಿಟ್ಟರೆ ಕೊಲ್ಲುವ ಪ್ರಸಂಗವೇ ಒದಗುವುದಿಲ್ಲ; ಅಹಿಂಸೆಯನ್ನು ಬಯಸುವವನು ಬಿಸಿಲಿರುವಾಗಲೇ ಗಾರೆಯವನನ್ನು ಕರೆಯಿಸಬೇಕು. ಈ ಕುಲದ ಒಂದು ಜಾತಿಯಿಂದಲೇ, 1928ರಲ್ಲಿ ಲಂಡನ್ನಿನ ಪ್ರಯೋಗಶಾಲೆಯೊಂದರಲ್ಲಿ ತಾನಾಗಿ ಬಂದು ಬೆಳೆದ ಬೂಸರಿನಿಂದ, ಫ್ಲೆಮಿಂಗ್ ಪಂಡಿತನು ಪೆನಿಸಿಲಿನ್ನನ್ನು ಕಂಡುಹಿಡಿದುದನ್ನೂ ನೆನೆಯಬೇಕು. ಕುಲದಲ್ಲಿ ಹಗೆತನವಿಲ್ಲ; ನಿಂತ ಸ್ಥಳದಲ್ಲಿದೆ.

ಮೀಮಾಂಸಕರು ನಿತ್ಯಕರ್ಮವೆಂದು ಒಂದನ್ನು ಹೇಳುತ್ತಾರೆ. ಮಾಡಿದರೆ ವಿಶೇಷ ಫಲವಿಲ್ಲ, ಮಾಡದಿದ್ದರೆ ಪ್ರತ್ಯವಾಯವುಂಟು. ಕಿಟಕಿಯನ್ನು ಒರಸುವುದು ಈ ಜಾತಿಗೆ ಸೇರಿದ ಕೆಲಸ. ಒರಸಿದ ಗೋಡೆಯನ್ನು ಯಾರೂ ಹೊಗಳುವುದಿಲ್ಲ. ಒರಸದ ಗೋಡೆಯನ್ನು ಎಲ್ಲರೂ ಕಾಣುತ್ತಾರೆ. ಮನೆಮನೆಗಳಲ್ಲಿ ಇಂಥ ಫಲವಿಲ್ಲದ ಕರ್ಮಗಳೆಲ್ಲ ಹೆಂಗಸರ ಪಾಲಿಗೂ, ಹೆಂಗಸರಿಂದ ಕೆಲಸದಾಕೆಯ ಪಾಲಿಗೂ ಇಳಿದುಬರುವುದು ಹೇಗೆಂಬುದನ್ನು ವಿದ್ಯಾವಂತ ಗೃಹಸ್ಥರು ಒಮ್ಮೆ ಯೋಚಿಸತಕ್ಕದ್ದು. ಮೂಗಿಗೆ ಬಟ್ಟೆಯಿಲ್ಲದೆ, ಕೈಗೆ ಚೀಲವಿಲ್ಲದೆ, ಒಣಗಿದ ಬೂಸರನ್ನು ಪೊರಕೆಯಿಂದ ಕೆರೆಯುವವಳ ಉಸಿರಿನೊಳಗೆ ಆ ರೇಣುವೆಲ್ಲ ಸೇರುತ್ತದೆ. ಒಣಗಿದ್ದನ್ನು ಕೆರೆಯದೆ ಸಾಬೂನಿನ ನೀರಿನಿಂದ ನೆನೆಯಿಸಿ ಒರಸಿ, ಒರಸಿದ ಜಾಗವನ್ನು ಕೂಡಲೆ ಒಣಗಿಸಬೇಕು. ನೆನೆದ ಜಾಗವು ಒಂದೆರಡು ದಿನಗಳೊಳಗೆ ಒಣಗಿದರೆ ಬಹುಮಟ್ಟಿಗೆ ಬೂಸರು ಹತ್ತದು. ಬ್ಲೀಚಿಂಗ್ ಪೌಡರಿನಿಂದ ಕಲೆಯು ಬಿಳುಪಾಗುತ್ತದೆ, ಆದರೆ ತೇವವು ಉಳಿದಿದ್ದರೆ ಹದಿನೈದು ದಿನಗಳಲ್ಲಿ ಮತ್ತೆ ಅದೇ ಚುಕ್ಕೆ. ಸತ್ತ ಬೂಸರೂ ಕೆಲವರ ಎದೆಗೆ ಆಗದು. ಆ ಪೌಡರಿಗೆ ಕಕ್ಕಸು ತೊಳೆಯುವ ಆಸಿಡನ್ನು ಬೆರೆಸಿದರೆ ಕ್ಲೋರಿನೆಂಬ ವಿಷವಾಯು ಏಳುತ್ತದೆಂಬುದನ್ನು ಕೆಲಸದಾಕೆಗೆ ಯಾರು ತಿಳಿಸಿದ್ದಾರೆ? ಹೆಚ್ಚು ಹಾಕಿದರೆ ಹೆಚ್ಚು ಶುದ್ಧವೆಂದು ಅವಳು ನಂಬಿರುವಳು.

ಇದಕ್ಕಿಂತ ಕಠಿನವಾದ ಪ್ರಶ್ನೆಯು ಮುಂದಿದೆ. ಕಂಕನಾಡಿಯ ಆ ಮನೆಯಲ್ಲಿ ದಾದಿಯ ಕುಟುಂಬವು ಅಕ್ಟೋಬರಿನಲ್ಲಿ ಬೇರೆ ಮನೆಯನ್ನು ನೋಡಿಕೊಂಡು ಹೊರಟುಹೋಯಿತು. ಮಗನು ದೂರದೇಶದಿಂದ ಫೋನಿನಲ್ಲಿ, “ಒಂದು ಕೈ ಪೈಂಟ್ ಹೊಡೆಸಿ ಕೊಟ್ಟುಬಿಡಿ ಅಮ್ಮ, ಬರುವ ಜೂನಿನ ವರೆಗೆ ಏನೂ ಕಾಣಲಿಕ್ಕಿಲ್ಲ” ಎಂದು ಹೇಳಿದನು. ಮಗನು ದುಷ್ಟನಲ್ಲ, ತಾಯಿಯ ಕೈಗೆ ತಿಂಗಳ ಹಣ ತಪ್ಪಬಾರದೆಂದು ಹೇಳಿದವನು. ಬಣ್ಣ ಬಳಿದರೆ ಗೋಡೆಯು ನಿಜವಾಗಿ ಬಿಳಿದಾಗುತ್ತದೆ. ನೋಡಬಂದವನು ಕೇಳದಿದ್ದರೆ ಸುಳ್ಳಾಡುವ ಸಂದರ್ಭವೂ ಇಲ್ಲ. ಒಂದು ಅಸತ್ಯದ ಮಾತನ್ನೂ ಆಡದೆ ಬಾಡಿಗೆಗೆ ಕೊಟ್ಟವಳು ಅಸತ್ಯಕ್ಕೆ ಭಾಗಿನಿಯಾಗುವಳೆ?

ಈ ಪ್ರಶ್ನೆಯನ್ನೇ, ಬಹುಮಟ್ಟಿಗೆ ಇದೇ ಉದಾಹರಣೆಯಿಂದ, ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಸಿಸೆರೋ ಎಂಬ ವಾಗ್ಮಿಯು ಕರ್ತವ್ಯಗಳನ್ನು ಕುರಿತ ತನ್ನ ಗ್ರಂಥದ ಮೂರನೆಯ ಭಾಗದಲ್ಲಿ ಎತ್ತಿರುವನು. ಸಜ್ಜನನೊಬ್ಬನು ತನ್ನ ಮನೆಯನ್ನು ಮಾರುತ್ತಾನೆ. ಮನೆಯು ಅನಾರೋಗ್ಯಕರವಾದುದು, ತೊಲೆಗಳು ಲಡ್ಡಾದುವು. ಇದು ಅವನಿಗಲ್ಲದೆ ಮತ್ತಾರಿಗೂ ತಿಳಿಯದು. ಅವನು ಹೇಳಬೇಕೆ? ಬಾಬಿಲೋನಿನ ಡಿಯೋಜೆನೀಸನ ಪಕ್ಷದಲ್ಲಿ, ಹೇಳದಿರುವುದು ಬೇರೆ, ಮರೆಮಾಚುವುದು ಬೇರೆ. ಕೊಳ್ಳುವವನಿಗೆ ಕಣ್ಣಿದೆ, ಒತ್ತಾಯವಿಲ್ಲ. ತನ್ನ ಸರಕಿನ ದೋಷವನ್ನು ತಾನೇ ಡಂಗುರ ಹೊಡೆಯಿಸುವ ಮಾರಾಟಗಾರನುಂಟೆ? ಅವನ ಶಿಷ್ಯನಾದ ಆಂಟಿಪೇಟರನ ಪಕ್ಷದಲ್ಲಿ, ದಾರಿ ತಪ್ಪಿದವನಿಗೆ ದಾರಿ ತೋರಿಸದಿರುವುದು ಪಾಪವಾದರೆ, ತಿಳಿದು ತಿಳಿದು ಮತ್ತೊಬ್ಬನನ್ನು ತಪ್ಪಿಗೆ ಬೀಳಗೊಡುವುದು ಅದಕ್ಕಿಂತ ಹೀನವಾದುದು. ಸಿಸೆರೋ ಶಿಷ್ಯನ ಕಡೆಗೆ ತೀರ್ಪು ಕೊಟ್ಟನು. ಗುರುವಿನ ವಾದವನ್ನು ಮಾತ್ರ ಲಘುವಾಗಿ ತಳ್ಳಿಬಿಡುವಂತಿಲ್ಲ. ಲೋಕವ್ಯವಹಾರವೆಲ್ಲ ನಡೆಯುವುದು ಅದರಂತೆಯೇ. ತರಕಾರಿಯವಳು ಬಾಡಿದ ಬದನೆಯನ್ನು ಕೆಳಗಿಟ್ಟು ಹೊಸತನ್ನು ಮೇಲಿಡುತ್ತಾಳೆ. ಅದನ್ನು ಮಹಾಪಾತಕವೆಂದು ಯಾರೂ ಎಣಿಸುವುದಿಲ್ಲ, ಯಾಕೆಂದರೆ ಬುಟ್ಟಿಗೆ ಕೈಹಾಕಿ ನೋಡಲು ಕೊಳ್ಳುವವನಿಗೆ ಅಡ್ಡಿಯಿಲ್ಲ. ಗೋಡೆಯ ಸಂಗತಿಯು ಬೇರೆ. ನವೆಂಬರಿನಲ್ಲಿ ನೋಡಬಂದವನಿಗೆ ಆಷಾಢದ ಗೋಡೆಯನ್ನು ಕಾಣುವ ಕಣ್ಣು ಎಲ್ಲಿಂದ ಬರಬೇಕು?

ಹಿಂದೂದೇಶದ ಶಾಸನವು ಇದೇ ಭೇದವನ್ನು ಹಿಡಿದಿರುವುದು ಗಮನಾರ್ಹವಾದುದು. 1882ರ ಸ್ವತ್ತು ವರ್ಗಾವಣೆಯ ಕಾಯಿದೆಯ 108ನೆಯ ಪ್ರಕರಣದಂತೆ, ಗೇಣಿಗೆ ಅಥವಾ ಬಾಡಿಗೆಗೆ ಕೊಡುವವನು ತನಗೆ ತಿಳಿದಿರುವ, ಪಡೆಯುವವನಿಗೆ ತಿಳಿಯದ, ಸಾಧಾರಣ ಎಚ್ಚರದಿಂದ ಅವನು ಕಂಡುಹಿಡಿಯಲಾರದ ಮುಖ್ಯ ದೋಷವನ್ನು ತಾನಾಗಿಯೇ ತಿಳಿಸಲು ಬದ್ಧನು. ಕಾಣುವ ದೋಷಕ್ಕೆ ಈ ಕಟ್ಟು ಇಲ್ಲ, ಕಾಣದ ದೋಷಕ್ಕೆ ಇದೆ. ಕಲೆಯಿರುವಷ್ಟು ಕಾಲ ಗೋಡೆಯೇ ಮಾತನಾಡುತ್ತಿತ್ತು; ಬಣ್ಣ ಬಳಿದವನು ಅದರ ಬಾಯನ್ನು ಮುಚ್ಚಿದನಾದುದರಿಂದ ಮಾತನಾಡುವ ಭಾರವು ಅವನ ಮೇಲೆ ಬಂದಿತು. ಯಾಜ್ಞವಲ್ಕ್ಯನಾದರೋ ಕೆಟ್ಟ ಸರಕನ್ನು ಕೆಡದಂತೆ ತೋರಿಸಿ ಮಾರುವವನಿಗೆ ಬೆಲೆಯ ಇಮ್ಮಡಿ ದಂಡವನ್ನು ವಿಧಿಸಿರುವನು. ಅಲ್ಲಿಯೂ ಸುಳ್ಳಾಡಿದನೆ ಎಂಬ ಪ್ರಶ್ನೆಯಿಲ್ಲ. ತೋರಿಸಿದ ಬಗೆಯೇ ಸಾಕಾಯಿತು.

ಕಂಕನಾಡಿಗೆ ವಿಶೇಷವಾಗಿ ಹೊಂದುವ ಇನ್ನೊಂದು ಸಂಗತಿಯುಂಟು. ಯೆಹೂದ್ಯರ ಧರ್ಮಶಾಸ್ತ್ರವಾದ ಯಾಜಕಕಾಂಡದ 13, 14ನೆಯ ಅಧ್ಯಾಯಗಳಲ್ಲಿ ಮನುಷ್ಯನ ಚರ್ಮಕ್ಕೂ, ಬಟ್ಟೆಗೂ, ಮನೆಯ ಗೋಡೆಗೂ ಹತ್ತುವ ಕಲೆಗೆ ಒಂದೇ ಹೆಸರನ್ನಿಟ್ಟಿದ್ದಾರೆ. ಭಾಷಾಂತರಕಾರರು ಬಹುಕಾಲ ಅದನ್ನು ಕುಷ್ಠವೆಂದೇ ಹೇಳುತ್ತ ಬಂದರು. ಗೋಡೆಯ ಕುಷ್ಠವೆಂದರೆ ಬೂಸರೇ ಇರಬೇಕೆಂದು ಇಂದಿನ ವಿದ್ವಾಂಸರ ಅಭಿಪ್ರಾಯ. 1880ರಲ್ಲಿ ಇದೇ ಕಂಕನಾಡಿಯಲ್ಲಿ ಬಡವರಿಗಾಗಿ ಔಷಧಾಲಯವನ್ನು ತೆರೆದು, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯವನ್ನು ಕಟ್ಟಿಸಿದ ಫಾದರ್ ಮುಲ್ಲರರು ಆ ಅಧ್ಯಾಯಗಳನ್ನು ಓದಿದವರೇ ಆಗಿರಬೇಕು. ರೋಗಿಯನ್ನು ಊರ ಹೊರಗೆ ಅಟ್ಟುವ ವಿಧಿಯನ್ನು ಆ ಮಹಾನುಭಾವರು ಆಶ್ರಯವನ್ನಾಗಿ ತಿರುಗಿಸಿದರು. ಮನೆಯ ಕಲೆಯ ವಿಧಿಯೂ ಸ್ವಾರಸ್ಯವಾದುದು: ಯಾಜಕನು ತಾನಾಗಿ ಮನೆಮನೆಯನ್ನು ಶೋಧಿಸುವುದಿಲ್ಲ, ಯಜಮಾನನೇ ಹೋಗಿ ತನ್ನ ಮನೆಯಲ್ಲಿ ಕಲೆಯಂಥದೇನೋ ಕಾಣುತ್ತದೆಂದು ತಿಳಿಸಬೇಕು. ಯಾಜಕನು ಬಂದು ನೋಡುವುದಕ್ಕೆ ಮೊದಲು ಮನೆಯ ಸಾಮಾನನ್ನು ಹೊರಗಿಡಿಸುತ್ತಾನೆ, ಬಡವನ ಪಾತ್ರೆಪದಾರ್ಥಗಳೂ ಅಶುದ್ಧವೆನಿಸಿ ನಷ್ಟವಾಗಬಾರದೆಂದು. ಏಳು ದಿನ ಮನೆಯನ್ನು ಮುಚ್ಚಿಟ್ಟು, ಕಲೆ ಹಬ್ಬಿದ್ದರೆ ಆ ಕಲ್ಲುಗಳನ್ನು ಕೀಳಿಸಿ, ಗೋಡೆಯನ್ನು ಹೆರೆಯಿಸಿ, ಹೊಸ ಕಲ್ಲೂ ಹೊಸ ಗಾರೆಯೂ ಹಾಕಬೇಕು. ಅನಂತರವೂ ಹಬ್ಬಿತೆಂದರೆ ಮನೆಯನ್ನೇ ಕೆಡವಬೇಕು. ಮೇಲೆ ಬಣ್ಣ ಬಳಿಯುವ ವಿಧಾನವು ಆ ಶಾಸ್ತ್ರದಲ್ಲಿ ಎಲ್ಲಿಯೂ ಇಲ್ಲ.

ಬಣ್ಣ ಬಳಿದುದರ ಪರಿಣಾಮವು ಎಲ್ಲಿಯ ವರೆಗೆ ಹೋದೀತೆಂಬುದಕ್ಕೆ ಇಂಗ್ಲೆಂಡಿನಲ್ಲಿ ನಡೆದ ಒಂದು ಘಟನೆಯು ಸಾಕು. ರಾಚ್‌ಡೇಲ್ ಪಟ್ಟಣದ ಬಾಡಿಗೆಮನೆಯೊಂದರಲ್ಲಿ ಅವಾಬ್ ಇಶಾಕ್ ಎಂಬ ಎರಡು ವರ್ಷದ ಮಗುವು 2020ರ ಡಿಸೆಂಬರಿನಲ್ಲಿ ಉಸಿರಾಟದ ತೊಂದರೆಯಿಂದ ತೀರಿಕೊಂಡಿತು. ಮನೆಯ ತುಂಬ ಬೂಸರಿತ್ತು. ತಂದೆಯು 2017ರಲ್ಲಿಯೇ ದೂರು ಹೇಳಿದ್ದನು. ಬಣ್ಣ ಬಳಿದುಕೊಳ್ಳೆಂಬ ಉತ್ತರ ಸಿಕ್ಕಿತ್ತು. ಆ ಕುಟುಂಬದ ಜೀವನಕ್ರಮವೇ ಬೂಸರಿಗೆ ಕಾರಣವೆಂಬ ಮಾತೂ ಹುಟ್ಟಿತ್ತು. 2022ರ ನವೆಂಬರಿನಲ್ಲಿ ಮರಣವಿಚಾರಣೆಯ ಅಧಿಕಾರಿಣಿಯು ಬೂಸರಿನ ದೀರ್ಘ ಸಂಪರ್ಕದಿಂದ ಮಗು ಸತ್ತಿತೆಂದು ತೀರ್ಮಾನಿಸಿದಳು. 2023ರಲ್ಲಿ ಆ ಮಗುವಿನ ಹೆಸರಿನಿಂದ ಕರೆಯಲ್ಪಡುವ ಶಾಸನವಾಯಿತು. ಸಾರ್ವಜನಿಕ ಬಾಡಿಗೆಮನೆಗಳಲ್ಲಿ ಇಂಥ ದೋಷವನ್ನು ಗೊತ್ತಾದ ಅವಧಿಯೊಳಗೆ ವಿಚಾರಿಸಿ ಸರಿಪಡಿಸಬೇಕೆಂಬ ನಿಯಮಗಳು 2025ರ ಅಕ್ಟೋಬರಿನಲ್ಲಿ ಜಾರಿಗೆ ಬಂದುವು. ಎಲ್ಲ ಬೂಸರೂ ಮಗುವನ್ನು ಕೊಲ್ಲುವುದೆಂದು ಹೆದರಿಸುವುದು ಇಲ್ಲಿಯ ಅಭಿಪ್ರಾಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯವರು 2009ರಲ್ಲಿ ಪ್ರಕಟಿಸಿದ ಸೂಚನೆಗಳಲ್ಲಿ, ತೇವದ ಮನೆಗೂ ಉಬ್ಬಸ ಮೊದಲಾದ ಶ್ವಾಸರೋಗಗಳಿಗೂ ಸಂಬಂಧವಿದೆಯೆಂದು ಹೇಳಿ, ಇಷ್ಟು ಬೂಸರಿದ್ದರೆ ಅಪಾಯವಿಲ್ಲವೆಂಬ ಎಲ್ಲೆಯನ್ನು ಗೊತ್ತುಮಾಡಲಾಗದೆಂದೂ ಒಪ್ಪಿರುವರು. ಎಲ್ಲೆಯು ತಿಳಿಯದಿರುವಾಗ ಬೇರೊಬ್ಬರ ಮಗುವಿನ ಎದೆಯನ್ನು ಪಣವಾಗಿಡಲು ಮನೆಯೊಡೆಯನಿಗೆ ಏನು ಅಧಿಕಾರ?

ಹೀಗೆ ಬರೆಯುವುದು ಸುಲಭ. ಗಾರೆಯವನಿಗೆ ಕೊಡುವ ಹಣವು ಕೈಯಲ್ಲಿಲ್ಲದ ವೃದ್ಧೆಗೆ ನಿಜವು ತುಟ್ಟಿಯಾದ ಸರಕು. ಧನಿಕನು ದೋಷವನ್ನು ಹೇಳಿ, ದುರಸ್ತಿ ಮಾಡಿಸಿ, ಒಳ್ಳೆಯವನೆಂಬ ಹೆಸರನ್ನೂ ಪಡೆಯಬಲ್ಲನು. ಬಡವಳು ಹೇಳಿದರೆ ಬಾಡಿಗೆಯನ್ನೇ ಕಳೆದುಕೊಳ್ಳುವಳು. ಸತ್ಯವನ್ನು ಎಲ್ಲರಿಗೂ ಒಂದೇ ಅಳತೆಯಲ್ಲಿ ವಿಧಿಸಿದ ಶಾಸ್ತ್ರಕಾರರು ಅದರ ಬೆಲೆಯು ಎಲ್ಲರಿಗೂ ಒಂದೇ ಅಲ್ಲವೆಂಬುದನ್ನು ಬಹಳವಾಗಿ ಚರ್ಚಿಸಿದಂತೆ ಕಾಣುವುದಿಲ್ಲ. ಬೆಲೆಯು ಹೆಚ್ಚೆಂದು ಋಣವು ಇಲ್ಲವಾಗದು. ಆದರೆ ತಾಯಿಯು ಸತ್ಯವನ್ನು ಹೇಳಬೇಕೆನ್ನುವ ಮಗನು, ಆ ಸತ್ಯದಿಂದಾಗುವ ನಷ್ಟವನ್ನು ತಾನು ಹೊರಬೇಕಾದುದು ನ್ಯಾಯ. ಸುಳ್ಳಿನ ಸಲಹೆಯು ಅಗ್ಗವಾಗಿದ್ದುದರಿಂದಲೇ ಅಷ್ಟು ಬೇಗ ಬಂದಿತೆಂದು ತೋರುತ್ತದೆ.

ಮನೆಯೊಡತಿಯು ಡಿಯೋಜೆನೀಸನನ್ನೂ ಓದಿದವಳಲ್ಲ, 108ನೆಯ ಪ್ರಕರಣವನ್ನೂ ಕೇಳಿದವಳಲ್ಲ. ಮಗನ ಮಾತಿನಂತೆ ಬಣ್ಣದವನನ್ನು ಕರೆಯಿಸಿ ಉಳಿದ ಗೋಡೆಗಳಿಗೆಲ್ಲ ಬಣ್ಣ ಹೊಡೆಯಿಸಿದಳು. ಪಡುವಣ ಕಿಟಕಿಯ ಸುತ್ತ ಮಾತ್ರ ಹಾಗೆಯೇ ಬಿಡಿಸಿದಳು. ನೋಡಬಂದ ಮೊದಲನೆಯವನನ್ನು ನೆಟ್ಟಗೆ ಆ ಮೂಲೆಗೆ ಕರೆದುಕೊಂಡು ಹೋಗಿ, “ಇಲ್ಲಿ ನೋಡಿ, ಆಟಿಯಲ್ಲಿ ಇಲ್ಲಿಂದ ನೀರು ಬರುತ್ತದೆ. ಸಣ್ಣ ಮಕ್ಕಳಿದ್ದರೆ ಈ ಕೋಣೆಯಲ್ಲಿ ಮಲಗಿಸಬೇಡಿ” ಎಂದಳು. ಅವನು ಯೋಚಿಸಿ ಹೇಳುತ್ತೇನೆಂದು ಹೋದವನು ಬರಲಿಲ್ಲ. ಎರಡನೆಯವರೂ ಹಾಗೆಯೇ. ಮನೆಯು ನವೆಂಬರ್ ಡಿಸೆಂಬರುಗಳೆರಡರಲ್ಲಿಯೂ ಖಾಲಿ ಇದ್ದಿತು. ಜನವರಿಯಲ್ಲಿ ಬಂದ ಕುಟುಂಬದವರು ಮೂಲೆಯನ್ನು ನೋಡಿ, ಬಾಡಿಗೆಯಲ್ಲಿ ಐನೂರು ರೂಪಾಯಿ ಕಡಿಮೆ ಮಾಡಬೇಕೆಂದೂ, ಮಳೆಗಾಲಕ್ಕೆ ಮೊದಲು ಕಿಟಕಿಯ ಮೇಲೆ ಶೀಟಿನ ಒಂದು ಇಳಿಮಾಡನ್ನು ಕಟ್ಟಿಸಿಕೊಡಬೇಕೆಂದೂ ಕೇಳಿದರು. ಆಕೆಯು ಒಪ್ಪಿದಳು, ಕೈಬಳೆಯೊಂದನ್ನು ಸೊಸೈಟಿಯಲ್ಲಿ ಇಟ್ಟು ಮೇ ತಿಂಗಳಿನಲ್ಲಿ ಇಳಿಮಾಡನ್ನೂ ಕಟ್ಟಿಸಿದಳು. ಖಾಲಿ ಹೋದ ಎರಡು ತಿಂಗಳ ಮಾತನ್ನಾಗಲಿ, ಐನೂರರ ಮಾತನ್ನಾಗಲಿ, ಬಳೆಯ ಮಾತನ್ನಾಗಲಿ ಮಗನಿಗೆ ತಿಳಿಸಲಿಲ್ಲ. ಅವನು ಕೇಳಲೂ ಇಲ್ಲ.